ಒದ್ದೆ ಮರಳಿನ ಕುರ್ಚಿ

ಕಡಲತೀರ ಎಲ್ಲರ ಆಸ್ತಿ ಎಂದು ಕಚೇರಿಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಅದನ್ನು ಓದಿದಾಗಲೆಲ್ಲ ತೀರಯೋಜನೆಯ ಅಧಿಕಾರಿಯಾದ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಒಣ ಮರಳು ಪುರಸಭೆಯದು, ಒದ್ದೆ ಮರಳು ಬಂದರು ಇಲಾಖೆಯದು. ಈಜುವವರನ್ನು ಕಾಯುವ ಅಟ್ಟಣಿಗೆಯೋ, ಇಳಿತದಲ್ಲಿ ಒಣ ಮರಳಲ್ಲಿ, ಉಬ್ಬರದಲ್ಲಿ ಒದ್ದೆಯಲ್ಲಿ. ಅದರ ಒಂದು ಕಾಲು ತುಕ್ಕು ತಿಂದು ವಾಲಿತ್ತು. ರಿಪೇರಿ ಮಾಡಿಸಿ ಅಂದರೆ ಇವರು ಅವರತ್ತ, ಅವರು ಇವರತ್ತ ಕೈ ತೋರಿಸುತ್ತಿದ್ದರು. ಮೇಲೆ ಕೂರುವವನು ಅವಳ ಒಡಹುಟ್ಟಿದ ತಮ್ಮ.

ಹಲ್ಲು ಕಚ್ಚಿಕೊಂಡು ಓಡಾಡಿ ಕೊನೆಗೂ ಪುರಸಭೆಯ ಎಂಜಿನಿಯರನ್ನೂ ಬಂದರಿನ ಅಧಿಕಾರಿಯನ್ನೂ ಸ್ಥಳಕ್ಕೆ ಎಳೆತಂದಳು. ಬೂಟಿನೊಳಗೆ ನೀರು ನುಗ್ಗುವವರೆಗೂ ವಾದ ಮಾಡಿದರು. ಆಮೇಲೆ ಎಂಜಿನಿಯರಿಗೆ ಜ್ಞಾನೋದಯವಾಯಿತು.

"ಅಟ್ಟಣಿಗೇನ ಮೇಲಕ್ಕೆ, ಒಣ ಮರಳಿಗೆ ಹಾಕಿಬಿಡೋಣ. ಖರ್ಚು ನಮ್ಮದೇ."

"ಅಲ್ಲಿಂದ ಬಂಡೆ ಹಿಂದಿನ ಗುಂಡಿ ಕಾಣಲ್ಲ ಸಾರ್! ಜನ ಮುಳುಗೋದೇ ಅಲ್ಲಿ."

"ಫೈಲಲ್ಲಿ ಗುಂಡಿ ವಿಷಯ ಇಲ್ವಲ್ಲ ಮೇಡಂ."

ಅವಳಿಗೆ ರೇಗಿಹೋಯಿತು. ಆದರೂ ಸಹಿ ಹಾಕಿದಳು. ಆ ಕಾಲು ತಮ್ಮನ ಸಮೇತ ಮುರಿದು ಬೀಳುವುದನ್ನು ನೆನೆದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಹೊಸ ಬಣ್ಣ ಬಳಿದುಕೊಂಡ ಅಟ್ಟಣಿಗೆ ಒಣ ಮರಳಿಗೆ ಹೋಗಿ ನಿಂತ ಮರುದಿನ ಮನೆಯಲ್ಲಿ ಊಟದ ಮೇಜಿನ ಒಂದು ಕುರ್ಚಿ ನಾಪತ್ತೆ.

"ಒಳ್ಳೆ ಮರದ್ದು ಕಣೇ! ಅದನ್ನೂ ನಿಮ್ಮ ಆಫೀಸಿಗೆ ಹೊತ್ಕೊಂಡು ಹೋದ್ಯಾ?" ಎಂದು ಅಮ್ಮ ಅವಳನ್ನೇ ತರಾಟೆಗೆ ತೆಗೆದುಕೊಂಡರು. ತಮ್ಮ ತಲೆ ಬಗ್ಗಿಸಿ ಉಣ್ಣುತ್ತಿದ್ದ.

ವಾರ ಕಳೆಯುವಷ್ಟರಲ್ಲಿ ಬಂದರಿನ ಅಧಿಕಾರಿಯ ಫೋನು. "ಮೇಡಂ, ನಮ್ಮ ಒದ್ದೆ ಮರಳಲ್ಲಿ ಯಾರೋ ಅನುಮತಿ ಇಲ್ದೆ ಕುರ್ಚಿ ಹಾಕ್ಕೊಂಡಿದ್ದಾರೆ. ಬಂದು ತೆಗೆಸಿ."

ಅಟ್ಟಣಿಗೆಯ ಕಾಲನ್ನು ತಿಂಗಳುಗಟ್ಟಲೆ ಕಣ್ಣೆತ್ತಿ ನೋಡದವರಿಗೆ ಕುರ್ಚಿಯ ಕಾಲು ಮಾತ್ರ ಒಂದೇ ವಾರಕ್ಕೆ ಕಂಡಿತ್ತು! ಅವಳು ದಡದಡನೆ ಹೋದಳು. ಗುಂಡಿಗೆ ಎದುರಾಗಿ, ಅಲೆ ಬಂದು ಮುಟ್ಟುವಲ್ಲಿ, ಮನೆಯ ಕುರ್ಚಿ. ಬಂದರಿನ ಅಧಿಕಾರಿ ಅದರ ಬೆನ್ನಿಗೆ ಕೈ ಹಾಕಿ ನಿಂತಿದ್ದ. ಕುರ್ಚಿಯ ಮೇಲೆ ತಮ್ಮನ ಅಂಗಿಯಿತ್ತು, ತಮ್ಮನಿರಲಿಲ್ಲ.

ಅವಳು ನೀರಿನತ್ತ ತಿರುಗಿದಳು. ಬಂಡೆಯ ಹಿಂದೆ ನೀರಲ್ಲಿ ಎರಡು ತಲೆಗಳು ಏಳುತ್ತ ಮುಳುಗುತ್ತ ಇದ್ದವು. ತಮ್ಮನ ತೋಳು ಇನ್ನೊಬ್ಬನ ಕತ್ತನ್ನು ಬಳಸಿತ್ತು.

ಅಧಿಕಾರಿ ಕುರ್ಚಿಯ ಮುಂದಕ್ಕೆ ಬಂದು ನಿಂತ. "ಇದು ಯಾರದ್ದು ಅಂತ ವಿಚಾರಿಸಿ ಮೇಡಂ."

ಅವಳು ಅಂಗಿಯನ್ನು ಎತ್ತಿ ಎದೆಗವಚಿಕೊಂಡು ಆ ಕುರ್ಚಿಯಲ್ಲಿ ಕುಳಿತಳು.

"ನಮ್ಮನೇದು. ಅವರಿಬ್ಬರೂ ದಡಕ್ಕೆ ಬರೋವರೆಗೂ ನಾನು ಇಲ್ಲಿಂದ ಏಳಲ್ಲ. ನಿಮಗೆ ಈಜು ಬಂದ್ರೆ ಇಳೀರಿ. ಬರದಿದ್ರೆ ಸ್ವಲ್ಪ ಆ ಕಡೆ ಸರೀರಿ, ನನಗೆ ಗುಂಡಿ ಕಾಣ್ತಿಲ್ಲ."