ಇಲಿಯಮ್ಮನ ಪ್ರಶ್ನೆ

ಮೂರನೇ ಮಹಡಿಯ ತಿರುವಿನಲ್ಲಿ ಮೇಡಂ ಕಾಲು ಜಾರಿತು. ಎದೆಗವಚಿಕೊಂಡಿದ್ದ ಹೂಗುಚ್ಛ ಗೋಡೆಗೆ ಉಜ್ಜಿ ನಾಲ್ಕಾರು ಎಸಳು ಉದುರಿದವು. ಹಿಂದೆಯೇ ಹತ್ತುತ್ತಿದ್ದ ಸಂಸ್ಥೆಯ ಕಾವಲುಗಾರ ಥಟ್ಟನೆ ತೋಳು ಹಿಡಿದುಕೊಂಡ.

"ನಿಧಾನ ಮೇಡಂ. ನಿನ್ನೆಯಿಂದ ಹೊಟ್ಟೆಗೆ ಏನೂ ಹಾಕ್ಕೊಂಡ ಹಾಗಿಲ್ಲ ನೀವು."

ಹೌದು. ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ಪ್ರಯೋಗಶಾಲೆಯ ಇಲಿಕೋಣೆಯ ಬಾಗಿಲು ತೆರೆದಾಗ, ಎರಡು ಸಾಲು ಪಂಜರಗಳ ನಡುವೆ, ಇಲಿ ಸಾಕುತ್ತಿದ್ದುದರಿಂದ ಎಲ್ಲರೂ ಇಲಿಯಮ್ಮ ಎಂದೇ ಕರೆಯುತ್ತಿದ್ದ ಹೆಂಗಸು ಮಗ್ಗುಲಾಗಿ ಬಿದ್ದಿದ್ದಳು. ಅವಳ ಕೈಯಿಂದ ಜಾರಿದ ನೀರಿನ ಸೀಸೆ ಇನ್ನೂ ಉರುಳುತ್ತಿತ್ತು. ಮೇಡಂ ಕೂಗಿದರು, ಕೆನ್ನೆ ತಟ್ಟಿದರು, ಎರಡೂ ಅಂಗೈ ಊರಿ ಎದೆ ಒತ್ತಿದರು. ಓಡಿಬಂದ ಡಾಕ್ಟರು ನಾಡಿ ಹಿಡಿದು ನೋಡಿ, ಹೃದಯ ನಿಂತುಹೋಗಿದೆ ಎಂದರು.

ಇಪ್ಪತ್ತನಾಲ್ಕು ವರ್ಷ ಇಬ್ಬರೂ ಒಂದೇ ಸೂರಿನಡಿ ದುಡಿದವರು. ಬಸುರಿ ಇಲಿಗಳ ಮೇವಿನಲ್ಲಿ ಒಂದೊಂದು ಪೋಷಕಾಂಶ ಕಡಿಮೆ ಮಾಡಿದರೆ ಹುಟ್ಟುವ ಮರಿಗಳಿಗೆ ಏನಾಗುತ್ತದೆ ಎಂಬುದು ಮೇಡಂ ಅವರ ಸಂಶೋಧನೆ. ಮೇವು ತೂಗಿ ಹಾಕುವುದು, ಪಂಜರ ತೊಳೆಯುವುದು, ಮರಿ ಎಣಿಸಿ ಚೀಟಿ ಬರೆಯುವುದು ಇಲಿಯಮ್ಮನ ಪಾಲು. ಮುಂದಿನ ತಿಂಗಳು ಅವಳಿಗೆ ನಿವೃತ್ತಿಯಿತ್ತು. ಅವಳ ಮನೆ ಮೆಟ್ಟಿಲು ಮೇಡಂ ಹತ್ತುತ್ತಿದ್ದದ್ದು ಇದೇ ಮೊದಲು.

ಒಂದೇ ಕೋಣೆ. ನಡುವೆ ಮಂಚದ ಮೇಲೆ ಇಲಿಯಮ್ಮ, ಗಲ್ಲದವರೆಗೂ ಬಿಳಿ ಹೊದಿಕೆ. ತಲೆದೆಸೆಯಲ್ಲಿ ಅವಳ ತಂಗಿ. ಕಿಟಕಿಯ ಬಳಿ ಮೇಜಿನ ಮೇಲೆ ಬಿಚ್ಚಿಟ್ಟ ಗೋಡೆ ಗಡಿಯಾರಗಳು. ಮೇಜಿನ ಹಿಂದಿನಿಂದ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಎರಡು ಊರುಗೋಲುಗಳ ಮೇಲೆ ಭಾರ ಹಾಕಿ ಮೇಲೆದ್ದಳು. ಹತ್ತು ವರ್ಷದ ಹುಡುಗಿಯಷ್ಟೇ ಎತ್ತರ. ಸೊಂಟದ ಕೆಳಗೆ ಎರಡೂ ಕಾಲು ಒಳಕ್ಕೆ ತಿರುಚಿಕೊಂಡು ನೆಲದ ಮೇಲೆ ಎಳೆಯುತ್ತಿದ್ದವು.

"ಯಾರಿವರು?" ಮೇಡಂ ಪಿಸುಗುಟ್ಟಿದರು.

"ಅಕ್ಕನ ಮಗಳು. ನಿಮಗೆ ಗೊತ್ತಿಲ್ವಾ?"

ಮಗಳಿದ್ದಾಳೆಂದು ಗೊತ್ತಿತ್ತು. ಗಡಿಯಾರ ರಿಪೇರಿ ಮಾಡುತ್ತಾಳೆ, ಬಾಯಿ ಜೋರು, ಯಾರ ಮಾತಿಗೂ ಸೊಪ್ಪು ಹಾಕುವುದಿಲ್ಲ ಎಂದೆಲ್ಲ ಇಲಿಯಮ್ಮ ನಗುತ್ತ ಹೇಳುತ್ತಿದ್ದಳು. ಕಾಲಿನ ಮಾತು ಒಂದು ದಿನವೂ ಅವಳ ಬಾಯಿಂದ ಬಂದಿರಲಿಲ್ಲ. ಆ ಗಿಡ್ಡ ಮೈ, ಆ ಕಾಲು ಯಾವುದರ ಗುರುತು ಎಂದು ಮೇಡಂಗೆ ಯಾರೂ ಹೇಳಬೇಕಾಗಿರಲಿಲ್ಲ. ಹುಟ್ಟುವಾಗಲೇ ಬೆನ್ನುಮೂಳೆ ಮುಚ್ಚದ ಮರಿಗಳನ್ನು ಅವರು ಅಂಗೈಯಲ್ಲಿಟ್ಟು ನೋಡಿದ್ದರು, ನೂರಾರು. ಹೂಗುಚ್ಛ ಎಲ್ಲಿಡಬೇಕೆಂದು ತೋಚದೆ ನಿಂತೇ ಇದ್ದರು.

"ನೀವೇ ಅಲ್ವಾ ಮೇಡಂ?" ಮಗಳು ಹತ್ತಿರ ಬಂದಳು. "ಫೋಟೋದಲ್ಲಿ ಇನ್ನೂ ದಪ್ಪ ಇದ್ರಿ."

"ಸುಮ್ನಿರೇ," ಎಂದಳು ತಂಗಿ ಮೂಗು ಒರೆಸಿಕೊಳ್ಳುತ್ತ.

"ಇರಲಿ ಬಿಡಿ ಚಿಕ್ಕಮ್ಮ. ಇವರನ್ನ ಒಂದು ಮಾತು ಕೇಳಬೇಕು ಅಂತ ಹದಿನೆಂಟು ವರ್ಷದಿಂದ ಕಾಯ್ತಿದೀನಿ. ಮೇಡಂ, ಒಂದು ದಿನ ಅಮ್ಮ ನಿಮ್ಮ ಹತ್ರ ಬಂದು ಮರಿಗಳ ವಿಷಯ ಕೇಳಿದ್ಲಂತೆ. ನೆನಪಿದೆಯಾ?"

ನೆನಪಿತ್ತು.

*

ಆರು ವರ್ಷದ ದುಡಿಮೆ ಫಲ ಕೊಟ್ಟ ದಿನ ಅದು. ಸೊಪ್ಪು, ಕಾಳುಗಳಲ್ಲಿರುವ ಒಂದು ಜೀವಸತ್ವ ಕಡಿಮೆಯಾದ ತಾಯಿ ಇಲಿಗಳಿಗೆ ಬೆನ್ನು ಮುಚ್ಚದ ಮರಿಗಳು ಹೆಚ್ಚು ಹುಟ್ಟಿದ್ದವು. ಮೇಡಂ ಗೋಡೆಗೆ ನಕ್ಷೆ ಅಂಟಿಸುತ್ತಿದ್ದರು. ಇಲಿಯಮ್ಮ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಮೇಡಂ, ಒಂದು ಕೇಳ್ಲಾ? ಈ ಮರಿಗಳ ತಾಯಿಗೆ ಆಮೇಲೆ ಹೊಟ್ಟೆ ತುಂಬ ಒಳ್ಳೇ ಮೇವು ಹಾಕಿದ್ರೆ ಇವು ಸರಿಹೋಗ್ತವಾ?"

"ಎಲ್ಲಿ ಬಂತು! ಬಸುರು ನಿಂತ ಮೊದಲ ದಿನಗಳಲ್ಲೇ ಬೆನ್ನು ಮುಚ್ಚಬೇಕು. ಆಮೇಲೆ ಏನು ಸುರಿದರೂ ಅಷ್ಟೇ."

"ಹಂಗಾದ್ರೆ ತಾಯಿ ತಿನ್ನದೇ ಇದ್ದದ್ದಕ್ಕೇ ಹಿಂಗಾಗಿದ್ದು."

"ಇನ್ನೇನು ಮತ್ತೆ! ಅದನ್ನೇ ತಾನೆ ನಾವು ಆರು ವರ್ಷದಿಂದ ಹುಡುಕ್ತಿದ್ದದ್ದು?" ಮೇಡಂ ಖುಷಿಯಾಗಿ ನಕ್ಕರು. ಅಷ್ಟರಲ್ಲಿ ಫೋನು ಬಂತು. ಮಾತು ಮುಗಿಸಿ ತಿರುಗಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ.

ಆಮೇಲೆ ಎಷ್ಟೋ ಸಭೆಗಳಲ್ಲಿ ಮೇಡಂ ಈ ಪ್ರಸಂಗ ಹೇಳಿದ್ದರು. ನಮ್ಮ ಪಂಜರ ತೊಳೆಯುವ ಹೆಂಗಸಿಗೂ ಸಂಶೋಧನೆ ಅರ್ಥವಾಯಿತು ನೋಡಿ ಎಂದು. ಪ್ರತಿ ಸಲವೂ ಚಪ್ಪಾಳೆ ಬಿದ್ದಿತ್ತು.

*

"ಅವತ್ತು ಮನೆಗೆ ಬಂದವಳೇ ನನ್ನ ಕಾಲು ತೊಡೆ ಮೇಲೆ ಇಟ್ಕೊಂಡು ಕೂತುಬಿಟ್ಲು," ಎಂದಳು ಮಗಳು. "ನನಗಾಗ ಹದಿಮೂರು. ನಾನು ಹೊಟ್ಟೇಲಿದ್ದಾಗ ಅವಳಿಗೆ ಏನೂ ಸೇರ್ತಿರಲಿಲ್ಲವಂತೆ. ಮೂರು ತಿಂಗಳು ಬರೀ ಟೀ, ಬಿಸ್ಕತ್ತು. 'ನನ್ನಿಂದಲೇ ಮಗಳೇ ನಿನಗೆ ಹಿಂಗಾಗಿದ್ದು, ಮೇಡಂ ಬಾಯಲ್ಲೇ ಬಂತು' ಅಂದ್ಲು. ಇಲಿಕೋಣೆ ಕೆಲಸ ಬೇಕು ಅಂತ ಅವಳು ಕೇಳಿ ಹಾಕಿಸ್ಕೊಂಡಿದ್ದೂ ಅದಕ್ಕೇ. ನನಗೆ ಯಾಕೆ ಹಿಂಗಾಯ್ತು ಅಂತ ತಿಳ್ಕೋಬೇಕಿತ್ತಂತೆ."

ಕಾವಲುಗಾರ ಟೋಪಿ ಕೈಗೆ ತೆಗೆದುಕೊಂಡ.

"ನಾನೂ ಬಿಡಲಿಲ್ಲ ಮೇಡಂ. ಸಿಟ್ಟು ಬಂದಾಗಲೆಲ್ಲ ಅದನ್ನೇ ಎತ್ತಿ ಆಡಿದೆ. 'ನೀನು ಎರಡು ತುತ್ತು ತಿಂದಿದ್ರೆ ನಾನೂ ನಡೀತಿದ್ದೆ' ಅಂತ. ಅವಳು ಒಂದು ದಿನವೂ ತಿರುಗಿ ಮಾತಾಡಲಿಲ್ಲ. ಮೊನ್ನೆನೂ ಅಂದೆ." ಅವಳು ಮಂಚದ ಕಡೆ ನೋಡಿದಳು. "ಈಗ ನೀವು ಹೇಳಿ. ನಿಜವಾ ಅದು?"

ಮೇಡಂ ಮಂಚದ ಅಂಚು ಹಿಡಿದುಕೊಂಡರು.

"ಕೊರತೆ ಮೇವು ತಿಂದ ನಲವತ್ತು ತಾಯಿ ಇಲಿಗಳಲ್ಲಿ ಇಪ್ಪತ್ತೊಂಬತ್ತಕ್ಕೆ ಮರಿಗಳೆಲ್ಲ ಚೆನ್ನಾಗೇ ಇದ್ವು," ಎಂದರು. "ಹೊಟ್ಟೆ ತುಂಬ ತಿಂದ ಇಲಿಗಳಲ್ಲೂ ಮೂರಕ್ಕೆ ಬೆನ್ನು ಮುಚ್ಚದ ಮರಿ ಹುಟ್ಟಿದ್ವು. ಆ ಚೀಟಿ ಬರೆದದ್ದು ನಿಮ್ಮಮ್ಮನೇ. ಮೇವು ಒಂದು ಕಾರಣ, ಅಷ್ಟೇ. ಮನುಷ್ಯರಲ್ಲಿ ಇನ್ನೂ ಎಷ್ಟೋ ಇರುತ್ತೆ, ರಕ್ತದಲ್ಲೇ ಬಂದದ್ದಿರಬಹುದು, ಏನೂ ಗೊತ್ತಾಗದೇನೂ ಇರಬಹುದು. ನಿಮಗೆ ಹೀಗಾಗಿದ್ದು ಅವರಿಂದ ಅಂತ ನಾನು ಹೇಳಕ್ಕಾಗಲ್ಲ. ಯಾರಿಂದಲೂ ಆಗಲ್ಲ."

"ಮತ್ತೆ ಅವತ್ತು ಯಾಕೆ ಹಾಗಂದ್ರಿ?"

"ಇಲಿ ವಿಷಯ ಕೇಳ್ತಿದಾರೆ ಅಂದ್ಕೊಂಡೆ."

ಮಗಳು ಮೇಡಂ ಮುಖವನ್ನೇ ಎವೆಯಿಕ್ಕದೆ ನೋಡಿದಳು. ಬಯ್ಯುತ್ತಾಳೆ, ಹೊರಗೆ ಹೋಗಿ ಎನ್ನುತ್ತಾಳೆ ಎಂದುಕೊಂಡರು ಮೇಡಂ. ಕೆಳಗೆ ಬೀದಿಯಲ್ಲಿ ಗಾಡಿ ಹಾರನ್ ಮಾಡಿತು.

"ಗಾಡಿ ಬಂತು ಕಣೇ. ಎತ್ತಬೇಕು," ಎಂದಳು ತಂಗಿ.

"ಸ್ವಲ್ಪ ತಡೀರಿ ಚಿಕ್ಕಮ್ಮ." ಮಗಳು ಮೇಡಂ ಕಡೆ ತಿರುಗಿದಳು. "ಈಗ ನನಗೆ ಹೇಳಿದ್ರಲ್ಲ, ಅದನ್ನ ಅವಳಿಗೂ ಹೇಳಿ."

"ಈಗಲಾ?"

"ಇನ್ಯಾವಾಗ?"

ಮೇಡಂ ಹೂಗಳನ್ನು ನೆಲದ ಮೇಲಿಟ್ಟು ಮಂಚದ ಪಕ್ಕ ಮೊಣಕಾಲೂರಿದರು. ಬಾಯಿ ತೆರೆದರು.

"ಇಲಿಯಮ್ಮ, ನೀವು ಅವತ್ತು ಕೇಳಿದ್ರಲ್ಲ…"

"ಒಂದು ನಿಮಿಷ ಮೇಡಂ."

ಮಗಳು ಒಂದು ಊರುಗೋಲನ್ನು ಮಂಚಕ್ಕೆ ಒರಗಿಸಿ, ಬಾಗಿ, ಅಮ್ಮನ ಕಿವಿಗೆ ತುರುಕಿದ್ದ ಹತ್ತಿಯನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಎಳೆದು ತೆಗೆದಳು.