ದೊಡ್ಡಪ್ಪನ ಬೇಲಿ

ಕಳ್ಳಂಬೆಳ್ಳದಿಂದಾಚೆ ಕೆರೆಯಂಚಿನ ದಲಿತರ ಕಾಲೋನಿಯ ಕ್ರೈಸ್ತ ಸಭೆಗೆ ಗೌರೀಶ ಪಾಸ್ಟರ್ ಆಗಿ ಬಂದಾಗ ಅವನನ್ನು ಯಾರೂ ಬಯಸಿರಲಿಲ್ಲ. ಹಿಂದಿದ್ದ ಪಾಸ್ಟರ್ ತೀರಿಕೊಂಡ ಮೇಲೆ ತಮ್ಮವನೇ ಒಬ್ಬ ಬರುತ್ತಾನೆಂದು ಜನ ಕಾದಿದ್ದರು. ಬಂದವನು ಶಿರಾ ಪೇಟೆಯ ಲಿಂಗಾಯತರ ಮಗ. ಕಾಲೇಜಿನಲ್ಲಿದ್ದಾಗ ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ಪಡೆದು, ಮನೆಯಿಂದ ಹೊರಬಿದ್ದವನು. ಅಷ್ಟೇ ಆಗಿದ್ದರೆ ಜನ ಸಹಿಸುತ್ತಿದ್ದರೇನೋ. ಅವನ ದೊಡ್ಡಪ್ಪ ಯಾರೆಂಬುದು ಅವನು ಕಾಲಿಡುವ ಮೊದಲೇ ಕಾಲೋನಿಗೆ ಗೊತ್ತಾಗಿತ್ತು.

ಗೌರೀಶ ಮೊದಲ ವಾರದಿಂದಲೇ ಪೊರಕೆ ಹಿಡಿದ. ಭಾನುವಾರ ಹೆಂಗಸರು ಬರುವಷ್ಟರಲ್ಲಿ ಪ್ರಾರ್ಥನಾ ಮಂದಿರ ಗುಡಿಸಿ, ಅಂಗಳಕ್ಕೆ ನೀರು ಹಾಕಿರುತ್ತಿದ್ದ. ಊಟವಾದ ಮೇಲೆ ತಾನೇ ಪಾತ್ರೆ ತಿಕ್ಕುತ್ತಿದ್ದ. ಕ್ರಿಸ್ತಸ್ವಾಮಿ ಶಿಷ್ಯರ ಕಾಲು ತೊಳೆದದ್ದನ್ನು ಮತ್ತೆ ಮತ್ತೆ ಬೋಧಿಸುತ್ತಿದ್ದ. ಜನ ಕೇಳಿಸಿಕೊಂಡು, ಮುಖ ಕೊಡದೆ ಎದ್ದು ಹೋಗುತ್ತಿದ್ದರು.

ಒಂದು ಭಾನುವಾರ ಗಂಗಲಕ್ಷ್ಮಮ್ಮ ಬಾಗಿಲಲ್ಲೇ ಅವನನ್ನು ತಡೆದು ನಿಂತಳು. ಸಭೆಯ ಹಿರಿಯರಲ್ಲಿ ಅವಳೊಬ್ಬಳೇ ಹೆಂಗಸು. ಅವಳ ಮಾತಿಗೆ ಗಂಡಸರೂ ಹೆದರುತ್ತಿದ್ದರು.

"ಆ ಪೊರಕೆ ಕೆಳಗಿಕ್ಕಿ ಅಯ್ನೋರೆ. ರೋಡಲ್ಲಿ ಹೋಗೋರು ನೋಡಿ ನಗ್ತಾವ್ರೆ."

"ನಗಲಿ ಬಿಡಮ್ಮ. ದೊಡ್ಡವನಾಗಬೇಕು ಅನ್ನೋನು ಸೇವಕನಾಗಲಿ ಅಂತ ಸ್ವಾಮಿನೇ ಹೇಳಿಲ್ವಾ?"

"ಹೇಳವ್ರೆ. ನಮ್ಮತ್ತೆ ಸಾಯೋಗಂಟ ಊರ ಬೀದಿ ಗುಡಿಸಿದ್ಲು. ಅವಳ್ನ ಯಾರು ದೊಡ್ಡೋಳು ಅಂದ್ರು? ಹಳೇ ಅಯ್ನೋರು ಇಸ್ತ್ರಿ ಬಟ್ಟೆ ಹಾಕ್ಕೊಂಡು ತಾಲೂಕಾಪೀಸಿಗೆ ಹೋದ್ರೆ ಕುರ್ಚಿ ಕೊಡೋರು. ನಮ್ಮೋನೊಬ್ಬನಿಗಾದ್ರೂ ಕುರ್ಚಿ ಸಿಕ್ತಲ್ಲ ಅಂತ ನಮ್ಗೆ ಎದೆ ತುಂಬೋದು. ನೀವು ಬಂದು ನಮ್ಗೇ ಪೊರಕೆ ತೋರಿಸ್ತೀರ. ನಿಮ್ಗೆ ಇದು ಹೊಸ ಆಟ ಕಣಪ್ಪ. ನಮ್ಗಲ್ಲ."

"ಹಾಗಾದ್ರೆ ನಾನೇನು ಮಾಡಬೇಕು, ನೀವೇ ಹೇಳಿ" ಎಂದ ಗೌರೀಶ. ಕೇಳಿದ್ದು ಸಿಟ್ಟಿನಿಂದಲೇ.

"ಸಮಾಧಿಗೆ ಹೋಗೋ ದಾರೀಲಿ ನಿಮ್ಮ ದೊಡ್ಡಪ್ಪ ಬೇಲಿ ಹಾಕವ್ರೆ. ಅದನ್ನ ತೆಗೆಸಿ."

ಅವನು ಬೇಲಿಯನ್ನು ಬಂದ ದಿನವೇ ನೋಡಿದ್ದ. ನೋಡಿಯೂ ನೋಡದವನ ಹಾಗೆ ಇದ್ದ. ದೊಡ್ಡಪ್ಪ ನಂದೀಶ್ವರಯ್ಯ ಶಿರಾದಲ್ಲಿ ಕಡಲೆಕಾಯಿ ಮಂಡಿ ನಡೆಸುತ್ತಿದ್ದರು. ಕೆರೆಯ ಪಕ್ಕದ ಜಮೀನು ಕೊಂಡು ದಾಳಿಂಬೆ ನೆಟ್ಟು, ಸುತ್ತ ಕಲ್ಲುಕಂಬ ನಿಲ್ಲಿಸಿ ಮುಳ್ಳುತಂತಿ ಬಿಗಿಸಿದ್ದರು. ಆ ಜಮೀನಿನ ನಡುವೆಯೇ ಕಾಲೋನಿಯವರು ಹೆಣ ಹೂಳುವ ಸಮಾಧಿಗೆ ಹೋಗುವ ಹಳೆಯ ದಾರಿ ಇತ್ತು. ಗೌರೀಶನ ಅಪ್ಪ ಸತ್ತಾಗ ಅವನನ್ನು ಸಾಕಿ ಓದಿಸಿದವರು ಅವರೇ. ಅಮ್ಮ ಸರೋಜಮ್ಮ ಈಗಲೂ ಅವರ ಮನೆಯಲ್ಲೇ ಇದ್ದಳು. ಯಾರೂ ಇಲ್ಲದಾಗ ಮಗನಿಗೆ ಫೋನ್ ಮಾಡಿ, ಉಂಡೆಯೇನಪ್ಪ ಎಂದು ಕೇಳುತ್ತಿದ್ದಳು. ಬೇಲಿಗೆ ಕೈ ಹಾಕಿದರೆ ಆ ಫೋನೂ ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು.

"ಪ್ರಾರ್ಥನೆ ಮಾಡೋಣಮ್ಮ" ಎಂದ.

"ಅದನ್ನ ನೀವು ಬರೋಕ್ ಮುಂಚಿಂದ್ಲೂ ಮಾಡ್ತಾನೇ ಇದೀವಿ" ಎಂದು ಅವಳು ಹೊರಟುಹೋದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಚಿಕ್ಕಹನುಮಕ್ಕ ತೀರಿಕೊಂಡಳು. ಮಗ ಓಬಳಯ್ಯ ಬೆಳಿಗ್ಗೆಯೇ ಪಾಸ್ಟರ್ ಮನೆಗೆ ಬಂದ. ಅವನು ಅಳುತ್ತಿರಲಿಲ್ಲ.

"ಹೋದ ಸಲ ರೇಣುಕಯ್ಯ ಸತ್ತಾಗ ಕೆರೆ ಅಂಗಳದಾಗೆ ಹೊತ್ಕೊಂಡು ಹೋದ್ವಿ. ಮೊಣಕಾಲ್ಗಂಟ ಕೆಸರು. ಪೆಟ್ಟಿಗೆ ಜಾರಿ ಬಿತ್ತು. ನಮ್ಮವ್ವನ್ನ ನಾನು ಅಂಗೆ ಬೀಳಿಸಲ್ಲ. ನಿಮ್ ಕೈಲಾಗಲ್ಲ ಅಂದ್ರೆ ಈಗ್ಲೇ ಹೇಳ್ಬುಡಿ."

ಗೌರೀಶ ಒಳಗೆ ಹೋಗಿ, ಆಡಂಬರವೆಂದು ಅಲ್ಲಿಯವರೆಗೆ ಮುಟ್ಟದಿದ್ದ ಬಿಳಿ ನಿಲುವಂಗಿಯನ್ನು ತೊಟ್ಟು ಬಂದ. "ದಾರೀಲೇ ಹೋಗೋಣ. ಮುಂದೆ ನಾನಿರ್ತೀನಿ" ಎಂದ.

ಸುದ್ದಿ ಅವರಿಗಿಂತ ಮೊದಲೇ ತೋಟ ಮುಟ್ಟಿತ್ತು. ಬೇಲಿಯ ಒಳಗೆ ನಂದೀಶ್ವರಯ್ಯ ಆಳುಗಳನ್ನು ನಿಲ್ಲಿಸಿಕೊಂಡು ಕಾಯುತ್ತಿದ್ದರು.

"ಯಾರ ಜೊತೆ ಬಂದಿದೀಯ ಅಂತ ಗೊತ್ತೇನ್ಲಾ ನಿಂಗೆ?"

"ನನ್ನ ಸಭೆಯವರ ಜೊತೆ, ದೊಡ್ಡಪ್ಪ. ನೀವು ಜಮೀನು ತಗೊಳ್ಳೋಕೆ ಮೊದಲಿಂದ ಇರೋ ದಾರಿ ಇದು."

"ದೊಡ್ಡಪ್ಪ ಅನ್ಬೇಡ. ಅನ್ನ ಹಾಕಿದೋನ ತೋಟದ ಮುಂದೆ ಹೆಣ ತಂದು ನಿಲ್ಸಿದೀಯಲ್ಲ, ನಾಚಿಕೆ ಆಗಲ್ವಾ?"

ಗೌರೀಶ ಕಂಬಕ್ಕೆ ಸುತ್ತಿದ್ದ ತಂತಿಯನ್ನು ಬರಿಗೈಯಲ್ಲೇ ಬಿಚ್ಚತೊಡಗಿದ. ಒಬ್ಬ ಆಳು ತಂತಿಯ ಮೇಲಿಂದಲೇ ಅವನ ಎದೆಗೆ ಕೈಕೊಟ್ಟು ನೂಕಿದ. ಅವನು ಬಿದ್ದು, ಎದ್ದು, ಮತ್ತೆ ತಂತಿ ಹಿಡಿದ. ನಂದೀಶ್ವರಯ್ಯ ಮುಂದೆ ಬಂದು ಅವನ ಕೆನ್ನೆಗೆ ಬಾರಿಸಿದರು. ಹಿಂದೆ ಓಬಳಯ್ಯ ಕಂಬ ಕೀಳಲೆಂದು ತಂದಿದ್ದ ಹಾರೆ ಎತ್ತಿದ.

"ಬೇಡ ಓಬಳಯ್ಯ" ಎಂದ ಗೌರೀಶ. ಹಾಗೆ ಹೇಳುವಾಗ ಅವನಲ್ಲಿ ಕ್ಷಮೆಯೇನೂ ಇರಲಿಲ್ಲ. ದೊಡ್ಡಪ್ಪನ ಮೇಲೆ ಅವನಿಗೆ ಹುಟ್ಟಿದ ದ್ವೇಷಕ್ಕೆ ಅವನೇ ಬೆಚ್ಚಿದ. ಓಬಳಯ್ಯನ ಹಾರೆ ಕೆಳಗಿಳಿದರೆ ಜೈಲಿಗೆ ಹೋಗುವವನು ಓಬಳಯ್ಯ, ತಾನಲ್ಲ ಎಂಬುದೊಂದೇ ಅವನ ತಲೆಯಲ್ಲಿದ್ದದ್ದು. ಕೈ ಹರಿದು ರಕ್ತ ತೋಳಿನತ್ತ ಇಳಿಯುತ್ತಿತ್ತು. ಅವನು ತಂತಿ ಬಿಡಲಿಲ್ಲ.

ಆಗ ಗಂಗಲಕ್ಷ್ಮಮ್ಮ, "ಪೆಟ್ಟಿಗೆ ಇಳಿಸಿ" ಎಂದಳು. ಹೊತ್ತವರು ಬೇಲಿಯ ಬುಡದಲ್ಲೇ ಪೆಟ್ಟಿಗೆ ಇಳಿಸಿದರು. ಹೆಂಗಸರೆಲ್ಲ ಸುತ್ತ ಕೂತರು. "ದಾರಿ ಬುಡೋಗಂಟ ನಮ್ಮಜ್ಜಿ ಇಲ್ಲೇ ಇರ್ತಾಳೆ ಯಜಮಾನ್ರೆ. ನಮ್ಗೇನೂ ಅವಸರ ಇಲ್ಲ."

ಬಿಸಿಲು ಏರಿತು. ಆಳುಗಳು ಒಬ್ಬೊಬ್ಬರಾಗಿ ಹಿಂದೆ ಸರಿದು ಮರದ ನೆರಳಿಗೆ ಹೋದರು. ಹೆಣದ ಮುಂದೆ ಜಗಳಕ್ಕೆ ನಿಲ್ಲಲು ಅವರಿಗೆ ಮನಸ್ಸಿರಲಿಲ್ಲ. ಕೊನೆಗೆ ನಂದೀಶ್ವರಯ್ಯ, "ಇವತ್ತೊಂದಿನ ಹೋಗ್ರಿ" ಎಂದರು.

"ಇವತ್ತೊಂದಿನ ಅಲ್ಲ" ಎಂದ ಗೌರೀಶ.

ಅವರು ಅವನನ್ನೇ ದಿಟ್ಟಿಸಿದರು. "ಆಯ್ತು. ನಿಮ್ಮಮ್ಮ ನಿಂಗೆ ಇನ್ನಿಲ್ಲ ಅಂದ್ಕೊ" ಎಂದು ಜೀಪು ಹತ್ತಿದರು.

ಓಬಳಯ್ಯ ಕಂಬ ಕಿತ್ತ. ಚಿಕ್ಕಹನುಮಕ್ಕನನ್ನು ಒಣನೆಲದ ಮೇಲೆ ಹೊತ್ತೊಯ್ದು ಮಣ್ಣು ಮಾಡಿದರು.

ನಂದೀಶ್ವರಯ್ಯ ದೂರು ಕೊಟ್ಟರು. ಗೌರೀಶ, ಓಬಳಯ್ಯ ಇಬ್ಬರೂ ಠಾಣೆಯ ಬೆಂಚಿನ ಮೇಲೆ ದಿನಗಟ್ಟಲೆ ಕೂತರು. ಕಾಲೋನಿಯವರೇ ಹೊಡೆದರು, ನೂಕಿದರು ಎಂಬ ಆರೋಪ ಬಂದಾಗಲೆಲ್ಲ, ಬೇಲಿ ತೆಗೆಸಿದವನು ನಾನು, ಇವರನ್ನು ಬಿಡಿ ಎಂದು ಗೌರೀಶ ಹೇಳಿದ. ಕಡೆಗೆ ಠಾಣೆಯಲ್ಲೇ ಎರಡೂ ಕಡೆಯವರನ್ನು ಕೂರಿಸಿ, ಗಾಡಿ ಹೋಗುವಷ್ಟು ದಾರಿ ಬಿಡಬೇಕೆಂದು ತೀರ್ಮಾನವಾಯಿತು. ಅಮ್ಮನ ಫೋನ್ ಮತ್ತೆ ಬರಲಿಲ್ಲ. ಇವನೇ ಮಾಡಿದರೆ ಸ್ವಿಚ್ ಆಫ್.

ಕಾಲೋನಿಯಲ್ಲೂ ಸಂತೋಷ ಇರಲಿಲ್ಲ. ಮಂಡಿಯಲ್ಲಿ ಮೂಟೆ ಹೊರುತ್ತಿದ್ದವರನ್ನು ನಂದೀಶ್ವರಯ್ಯ ಕೆಲಸದಿಂದ ಬಿಡಿಸಿದ್ದರು. ಆ ಮನೆಗಳವರು ಆರಾಧನೆಗೆ ಬರುವುದನ್ನು ನಿಲ್ಲಿಸಿದರು. ದೊಡ್ಡಪ್ಪ ಮಗನ ಜಗಳಕ್ಕೆ ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೆಸಿದ ಎಂದು ಬೀದಿಯಲ್ಲೇ ಕೇಳುತ್ತಿದ್ದರು.

ಒಂದು ಸಂಜೆ ಗಂಗಲಕ್ಷ್ಮಮ್ಮ ಬಂದಳು. ಗಾಯ ಮಾಯಿತೇ ಎಂದು ಕೇಳಲಿಲ್ಲ.

"ಮಂಡಿ ಕೆಲಸ ಹೋದೋರ ಮನೆಗೆ ಹೋಗಿದ್ರಾ?"

"ಇಲ್ಲಮ್ಮ. ಮುಖ ನೋಡಿದ್ರೆ ಬೈತಾರೆ."

"ಬೈತಾರೆ. ಹೋಗಿ ಬೈಸ್ಕೊಂಡು ಬನ್ನಿ. ನಾಳೆಯಿಂದ ಅವ್ರಿಗೆ ಎಲ್ಲಿ ಕೆಲಸ ಕೇಳೋದು ಅಂತ ಅವ್ರ ಜೊತೇಲೇ ಕೂತು ಮಾತಾಡಿ."

ಗೌರೀಶ ಚಪ್ಪಲಿ ಮೆಟ್ಟಿ ಹೊರಟ. ಮೊದಲ ಮನೆ ಸಂಜೀವಯ್ಯನದು. ಸಂಜೀವಯ್ಯ ಬಾಗಿಲಿಗೆ ಬಂದು, ಒಳಗೆ ಬಾ ಎನ್ನದೆ, ಬಾಯಿಗೆ ಬಂದದ್ದನ್ನೆಲ್ಲ ಅಂದ. ಅಕ್ಕಪಕ್ಕದವರು ಹೊರಗೆ ಬಂದು ನಿಂತು ನೋಡಿದರು. ಗೌರೀಶ ಜಗಲಿಯ ಮೇಲೆ ಕೂತು, ಅವನು ಮಾತು ಮುಗಿಸಲಿ ಎಂದು ಕಾದ.