ಅಚ್ಚಿನ ಕೆಳಗಿನ ಗೆರೆ

ಹಾಲು ಉಕ್ಕುವುದರೊಳಗೆ ಅಚ್ಚನ್ನು ತಿಕ್ಕಿ ಮುಗಿಸಬೇಕೆಂದು ಸೊಸೆ ಒಲೆಯ ಪಕ್ಕದಲ್ಲೇ ನಿಂತಿದ್ದಳು. ಒಂದು ಕಣ್ಣು ಪಾತ್ರೆಯ ಮೇಲೆ, ಇನ್ನೊಂದು ಕೈಯಲ್ಲಿದ್ದ ಹಿತ್ತಾಳೆಯ ಮೇಲೆ. ಅಂಗೈಯಗಲದ ದುಂಡನೆಯ ಅಚ್ಚು, ಹಿಡಿಯಲು ಮರದ ಹಿಡಿ. ಮಾವನವರು ಮೊಟ್ಟಮೊದಲ ಬಿಸ್ಕತ್ತು ಒತ್ತಿದ್ದು ಇದರಿಂದಲೇ. ಎಲ್ಲೋ ಕಳೆದೇಹೋಯಿತು ಎಂದುಕೊಂಡಿದ್ದದ್ದು ನಿನ್ನೆ ಕಾರ್ಖಾನೆಯ ಗೋದಾಮಿನಲ್ಲಿ, ಹರಿದ ಗೋಣಿಚೀಲಗಳ ಅಡಿಯಲ್ಲಿ ಅವಳ ಕೈಗೆ ಸಿಕ್ಕಿತ್ತು.

ಅಚ್ಚಿನ ಸಂದುಗೊಂದಿಗಳಲ್ಲಿ ಹಳೇ ಹಿಟ್ಟು ಕೂತು ಕಲ್ಲಾಗಿತ್ತು. ಬಿಸಿನೀರಿನಲ್ಲಿ ನೆನೆಸಿ, ಪಿನ್ನಿನಿಂದ ಕೆದಕಿ, ಮಗಳ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಬೆಳಗ್ಗಿನಿಂದ ಅದೇ ಕೆಲಸ. ಆತುರಕ್ಕೂ ಕಾರಣವಿತ್ತು. ಬಿಸ್ಕತ್ತಿಗೆ ಈ ವರ್ಷ ಅರವತ್ತು ತುಂಬುತ್ತದೆ. ಹೊಸ ಪ್ಯಾಕೆಟ್ಟಿನ ಮೇಲೆ ಅತ್ತೆಯ ಚಿತ್ರ, ಅದರ ಕೆಳಗೆ ‘ಈ ತಾಯಿಯ ಹೆಸರೇ ಈ ಬಿಸ್ಕತ್ತು’ ಎಂಬ ಸಾಲು. ಪಕ್ಕದಲ್ಲಿ ಮೊದಲ ಅಚ್ಚಿನಿಂದ ಒತ್ತಿದ ಬಿಸ್ಕತ್ತಿನ ಫೋಟೋ ಬೇಕೆಂದು ಪ್ರೆಸ್ಸಿನವನು ಕೇಳಿದ್ದ. ಇವತ್ತು ಸಂಜೆ ನಾಲ್ಕರೊಳಗೆ ಫೋಟೋ ಕಳಿಸಿ, ಪ್ರೂಫ್ ನೋಡಿ, ‘ಸರಿ’ ಎನ್ನಬೇಕಿತ್ತು. ಆಮೇಲೆ ಮಿಷನ್ ತಿರುಗಿದರೆ ಲಕ್ಷ ಪ್ಯಾಕೆಟ್ಟು. ‘ಸರಿ’ ಎನ್ನುವ ಕೆಲಸವನ್ನು ಗಂಡ ಅವಳಿಗೇ ಬಿಟ್ಟಿದ್ದ.

ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದ ಬಿಸ್ಕತ್ತಿನ ಹೆಸರು ಜೊರೀನ್. ಹಾಗೆಂದು ಮನೆಯವರು ಹೇಳುತ್ತಾರೆ ಅಷ್ಟೆ. ಅಂಗಡಿಯವರ ಬಾಯಲ್ಲಿ ಅದು ಜೋರಿನ್. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಜೊರೀನಾ. ಮಗಳ ಶಾಲೆಯ ಟೀಚರೊಬ್ಬರು, ಇದು ಪರದೇಶದ ಹೆಸರು, ಯೊರೀನ್ ಎನ್ನಬೇಕು ಎಂದುಬಿಟ್ಟಿದ್ದರು. ಅಂದಿನಿಂದ ಮಗಳು ಊಟದ ಹೊತ್ತಿನಲ್ಲಿ ಎಲ್ಲರನ್ನೂ ತಿದ್ದುತ್ತಿದ್ದಳು. ಹೇಳುವುದರಲ್ಲಿ ಇಷ್ಟು ಜಗಳವಾದರೆ ಹೆಸರಿನ ಹುಟ್ಟಿನ ಬಗ್ಗೆ ಕೇಳಬೇಕೆ. ಅದೊಂದು ಹಡಗಿನ ಹೆಸರು, ಹೆಸರಿನ ಕೆಳಗಿರುವ ಡೊಂಕು ಗೆರೆಯೇ ಸಮುದ್ರದ ಅಲೆ ಎಂದು ಪತ್ರಿಕೆಯಲ್ಲಿ ಒಬ್ಬರು ಬರೆದಿದ್ದರು. ಅಲ್ಲ, ಅದು ಗೋಧಿ ಬೆಳೆಯುವ ಯಾವುದೋ ಊರು, ಆ ಗೆರೆ ನದಿ ಎಂದು ಇನ್ನೊಬ್ಬರು. ಇಂಥದ್ದು ಕಿವಿಗೆ ಬಿದ್ದಾಗಲೆಲ್ಲ ಗಂಡ ನಗುತ್ತಿದ್ದ. “ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಹೆಸರಿನವರು ನಮ್ಮನೇಲೇ ಕೂತಿದಾರೆ.”

ಮದುವೆಯಾದ ವರ್ಷ ಮಾವನವರು ಬಿಸ್ಕತ್ತು ಶುರುಮಾಡಿದರು, ಹೊಸ ಹೆಂಡತಿಯ ಹೆಸರನ್ನೇ ಇಟ್ಟರು. ಆ ಗೆರೆ ಆಕೆಯ ನಗು. ಇದು ಮನೆಯ ಕತೆ. ಕಾರ್ಖಾನೆಯಲ್ಲಿ ಎಲ್ಲರಿಗೂ ಅತ್ತೆ ಜೊರೀನಮ್ಮ. ಯಾವ ಉಚ್ಚಾರ ಸರಿ ಎಂದು ಯಾರಾದರೂ ಅವರನ್ನೇ ಕೇಳಿದರೆ, “ಹೇಗೆ ಕರೆದ್ರೂ ತಿರುಗಿ ನೋಡ್ತೀನಪ್ಪಾ” ಎನ್ನುತ್ತಿದ್ದರು. ಎಷ್ಟು ದೊಡ್ಡ ಮನಸ್ಸು ಎಂದು ಸೊಸೆಗೆ ಅನ್ನಿಸುತ್ತಿತ್ತು.

ಎಪ್ಪತ್ತೊಂಬತ್ತರ ವಯಸ್ಸಿನಲ್ಲೂ ಅತ್ತೆ ಬೆಳಗ್ಗೆ ಎಂಟಕ್ಕೆ ಕಾರ್ಖಾನೆಯ ಬೆಲ್ಟಿನ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಭಟ್ಟಿಯಿಂದ ಬಿಸ್ಕತ್ತುಗಳು ಸಾಲಾಗಿ ಬರುವಾಗ ಹೆಸರು ಸರಿಯಾಗಿ ಮೂಡದಿದ್ದವನ್ನು ಹೆಕ್ಕಿ ಬದಿಗಿಡುವುದು ಅವರ ಕೆಲಸ. ಹೆಸರು ಕೂರದ ಬಿಸ್ಕತ್ತು ಡಬ್ಬಿಗೆ ಹೋಗಬಾರದು ಎಂಬುದು ಮಾವನವರ ಕಾಲದ ಕಟ್ಟಳೆ. ಹೆಕ್ಕಿದ್ದೆಲ್ಲ ಮನೆಗೆ ಬರುತ್ತಿತ್ತು. ಮನೆಯಲ್ಲಿ ಟೀ ಜೊತೆ ತಿನ್ನುವುದು ಅವನ್ನೇ. ಯಾರಾದರೂ ಒಳ್ಳೇ ಬಿಸ್ಕತ್ತು ಮುಂದಿಟ್ಟರೂ ಅತ್ತೆ ಮುಟ್ಟುತ್ತಿರಲಿಲ್ಲ, ಹೆಸರಿಲ್ಲದ್ದನ್ನೇ ಹುಡುಕಿ ತೆಗೆದುಕೊಳ್ಳುತ್ತಿದ್ದರು. ಹಳೇ ಕಾಲದವರ ಕೈಬಿಗಿತ ಎಂದು ಸೊಸೆ ಒಳಗೊಳಗೇ ನಕ್ಕದ್ದುಂಟು.

ಹಾಲು ಉಕ್ಕಿತು. ಅವಳು ನೋಡಲಿಲ್ಲ. ಪಿನ್ನಿನ ಮೊನೆಗೆ ಹೆಸರಿನ ಕೆಳಗಿದ್ದ ಆ ಡೊಂಕು ಗೆರೆಯ ಒಂದು ತುಂಡು ಚಟಕ್ಕೆಂದು ಎದ್ದು ಬಂದಿತ್ತು. ಗೆರೆ ಎಂದರೆ ಹಿತ್ತಾಳೆಯಲ್ಲಿ ಕೆತ್ತಿದ್ದಲ್ಲವೇ? ಎದ್ದು ಬರುವುದು ಹೇಗೆ? ಅವಳು ಒಲೆ ಆರಿಸಿ, ಕಟ್ಟೆ ಒರೆಸಿ, ಕಿಟಕಿಯ ಬೆಳಕಿಗೆ ಬಂದು ಮತ್ತೆ ಕೆದಕಿದಳು. ಗೆರೆಯ ಜಾಗದಲ್ಲಿ ಸಣ್ಣಸಣ್ಣ ಗುಳಿಗಳು ಕಂಡವು. ಹೇಗೂ ಫೋಟೋಗೆ ಬಿಸ್ಕತ್ತು ಬೇಕಿತ್ತು. ಕಲಸಿಟ್ಟಿದ್ದ ಹಿಟ್ಟನ್ನು ಲಟ್ಟಿಸಿ, ಅಚ್ಚೊತ್ತಿ, ಮನೆಯ ಪುಟ್ಟ ಓವನ್ನಿಗೆ ಆರು ಬಿಸ್ಕತ್ತು ಇಟ್ಟಳು. ಹೊರಗೆ ತೆಗೆದಾಗ ಆರರ ಮೇಲೂ ಹೆಸರು ಸ್ಪಷ್ಟವಾಗಿತ್ತು. ಕೆಳಗೆ ಗೆರೆ ಇರಲಿಲ್ಲ. ನಾಲ್ಕು ಅಂಕಿಗಳಿದ್ದವು. ಒಂದು ಇಸವಿ.

ಹೊಸ ಮಿಷನ್ನಿಗೆ ಅಚ್ಚು ಮಾಡಿಸುವಾಗ ಈ ಕೊಳಕು ಅಚ್ಚನ್ನೇ ಮಾದರಿ ಕೊಟ್ಟಿರಬೇಕು, ತೊಳೆಯದೆ. ಅಂಕಿಗಳ ಗುಳಿಗಳಲ್ಲಿ ಹಿಟ್ಟು ತುಂಬಿ ಮೇಲಂಚಿನ ಒಂದಿಷ್ಟು ಡೊಂಕು ಮಾತ್ರ ಉಳಿದಿತ್ತು. ಕೆತ್ತುವವನು ಕಂಡದ್ದನ್ನು ಕಂಡ ಹಾಗೆ ಕೆತ್ತಿದ್ದ. ಅಲೆಯೂ ಇಲ್ಲ, ನದಿಯೂ ಇಲ್ಲ, ನಗುವೂ ಇಲ್ಲ. ಒಣಗಿದ ಹಿಟ್ಟು.

ಅವಳಿಗೆ ನಗು ಬರಬೇಕಿತ್ತು. ಆದರೆ ಆ ಇಸವಿ ಎಲ್ಲೋ ಕುಟುಕಿತು. ಬಿಸ್ಕತ್ತನ್ನು ಸೆರಗಿನಲ್ಲಿ ಹಿಡಿದು ನಡುಮನೆಗೆ ಹೋದಳು. ಗೋಡೆಯ ಮೇಲೆ ಅತ್ತೆಮಾವನ ಮದುವೆಯ ಫೋಟೋ. ಮೂಲೆಯಲ್ಲಿ ಬಿಳಿ ಶಾಯಿಯಲ್ಲಿ ಬರೆದ ವರ್ಷ. ಬೆರಳು ಮಡಿಸಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಅಚ್ಚು ಮದುವೆಗಿಂತ ಏಳು ವರ್ಷ ಹಿಂದಿನದು. ಆಗ ಅತ್ತೆಗೆ ಹನ್ನೆರಡು ವರ್ಷ. ಮಾವನವರು ಅವರ ಮುಖ ನೋಡಿದ್ದು ಮದುವೆಯ ದಿನವೇ ಎಂದು ಇಬ್ಬರೂ ಸಾವಿರ ಸಲ ಹೇಳಿದ್ದರು.

ಹಾಗಾದರೆ ಜೊರೀನ್ ಎಂಬ ಇನ್ನೊಬ್ಬಳಿದ್ದಳು. ಅತ್ತೆಗಿಂತ ಮೊದಲು, ಅದೇ ಹೆಸರಿನವಳು. ಆ ಮುದುಕಿ ಬಿಸಿ ಬೆಲ್ಟಿನ ಮುಂದೆ ಅರವತ್ತು ವರ್ಷ ಕೂತು ಹೆಕ್ಕಿದ್ದು ಇನ್ಯಾರದೋ ಹೆಸರನ್ನು. ಲಕ್ಷ ಪ್ಯಾಕೆಟ್ಟಿನ ಮೇಲೆ ಆಕೆಯ ಮುಖ ಅಚ್ಚಾಗಲಿಕ್ಕೆ ನಾಲ್ಕು ತಾಸು ಉಳಿದಿತ್ತು.

ಮಾವನವರು ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ಮೊದಲಿನಿಂದ ಇದ್ದವನೆಂದರೆ ಒಲೆಯಜ್ಜ ಒಬ್ಬನೇ. ಭಟ್ಟಿ ನೋಡಿಕೊಳ್ಳುತ್ತಿದ್ದವನು, ಈಗ ಕೆಲಸವಿಲ್ಲದಿದ್ದರೂ ದಿನಾ ಬಂದು ಭಟ್ಟಿಯ ಹಿಂದಿನ ಬೆಚ್ಚನೆಯ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಸೊಸೆ ಬೆಲ್ಟಿನ ಕಡೆ ಕಣ್ಣು ಹಾಯಿಸದೆ, ಹಿಂದಿನ ಬಾಗಿಲಿನಿಂದ ಅವನ ಹತ್ತಿರ ಹೋಗಿ ಬಿಸ್ಕತ್ತನ್ನು ಅಂಗೈಯಲ್ಲಿಟ್ಟಳು. ಅಜ್ಜ ಕಣ್ಣ ಹತ್ತಿರ ಹಿಡಿದು ನೋಡಿದ, ಅಂಕಿಗಳ ಮೇಲೆ ಹೆಬ್ಬೆರಳು ಆಡಿಸಿದ.

“ತೊಳೆದ್ಯಾ ಅದನ್ನ,” ಎಂದ. “ನಾವ್ಯಾರೂ ತೊಳೀಲಿಲ್ಲ.”

ಯಾರು ಆಕೆ ಎಂದು ಅವಳು ಕೇಳಿದಳು. ಅಜ್ಜನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೆಮ್ಮು ಬರುವಷ್ಟು ನಕ್ಕ. ಯಾವ ಹೆಂಗಸೂ ಇರಲಿಲ್ಲ ಎಂದ. ಬೇರೆ ಊರಲ್ಲಿ ಮುಚ್ಚಿಹೋದ ಬೇಕರಿಯೊಂದರಿಂದ ಯಜಮಾನರು ಹಿಟ್ಟು ಕಲಸುವ ಹಳೇ ಮಿಷನ್ ತಂದಿದ್ದರು. ಅದರ ಹೊಟ್ಟೆಯೊಳಗೆ, ಗೋಣಿ ತುಂಡಿನಲ್ಲಿ ಸುತ್ತಿದ ಈ ಅಚ್ಚು ಇತ್ತು. ಬೇರೆ ಅಚ್ಚು ಮಾಡಿಸುವವರೆಗೆ ಇದರಲ್ಲೇ ಒತ್ತೋಣ ಎಂದರು. ಅದರ ಮೇಲೆ ಬರೆದಿದ್ದು ಏನು, ಹೇಗೆ ಓದಬೇಕು, ಯಾರಿಗೂ ಗೊತ್ತಿರಲಿಲ್ಲ. ಆ ಬೇಕರಿಯವನ ಗಾಡಿಯ ಕುದುರೆ ಹೆಸರು ಎಂದು ಲಾರಿಯವನು ಹೇಳಿದ್ದನಂತೆ. ಅವನೂ ಸುಮ್ಮನೆ ಬಾಯಿಗೆ ಬಂದದ್ದು ಹೇಳಿರಬಹುದು.

“ಆದ್ರೆ ಅಜ್ಜ, ಅತ್ತೆಗೂ ಅದೇ ಹೆಸರು ಹೇಗಿತ್ತು?”

ಒಲೆಯಜ್ಜನ ನಗು ನಿಂತಿತು. ಅವನು ಬಿಸ್ಕತ್ತನ್ನು ಅವಳ ಕೈಗೆ ವಾಪಸು ಕೊಟ್ಟ.

“ಅವರಿಗೆ ಆ ಹೆಸರು ಎಲ್ಲಿತ್ತು ತಾಯಿ. ಬಿಸ್ಕತ್ತಿಂದ ಅವರಿಗೆ ಬಂತು. ಮಿಕ್ಕದ್ದು ಅವರನ್ನೇ ಕೇಳು.”

ಅವಳು ಮನೆಗೆ ನಡೆದಳು. ಹದಿನೇಳು ವರ್ಷದಿಂದ ಒಂದೇ ಅಡುಗೆಮನೆ. ಆ ಕೈ ಇವಳ ಹೆರಿಗೆಯಲ್ಲಿ ಸೊಂಟ ತಿಕ್ಕಿದೆ, ಮಗಳಿಗೆ ಮೊದಲ ತುತ್ತು ಉಣಿಸಿದೆ. ಆ ಕೈಯವರ ಹೆಸರು ತನಗೆ ಗೊತ್ತಿಲ್ಲ.

ಮಧ್ಯಾಹ್ನ ಊಟಕ್ಕೆ ಅತ್ತೆ ಬಂದರು. ಕೈಕಾಲು ತೊಳೆದು ಕೂತವರ ಮುಂದೆ ಸೊಸೆ ತಟ್ಟೆ ಇಡಲಿಲ್ಲ, ಬಿಸ್ಕತ್ತು ಇಟ್ಟಳು. ಗಂಡನೂ ಅದೇ ಹೊತ್ತಿಗೆ ಪ್ರೂಫಿನ ಕಾಗದ ಹಿಡಿದು ಒಳಗೆ ಬಂದ. ಅಮ್ಮನ ಚಿತ್ರ ಎಷ್ಟು ಚೆನ್ನಾಗಿ ಬಂದಿದೆ ಎಂದು ಹೇಳುತ್ತಲೇ ಬಂದವನು ಇಬ್ಬರ ಮುಖ ನೋಡಿ ನಿಂತ.

ಅತ್ತೆ ಬಿಸ್ಕತ್ತನ್ನು ಎತ್ತಿ ನೋಡಿದರು. ಗಾಬರಿಯೇನೂ ಆಗಲಿಲ್ಲ. ಬೇರೆಯವರ ಮನೆಯ ಪಾತ್ರೆ ತಿರುಗಿಸಿ ನೋಡಿ ಇಡುವ ಹಾಗೆ ಇಟ್ಟರು.

“ನಾನು ಬಂದು ಮೂರು ವಾರ ಆಗಿತ್ತು ಅಷ್ಟೆ,” ಎಂದು ಶುರುಮಾಡಿದರು. ದೊಡ್ಡ ವ್ಯಾಪಾರಿಯೊಬ್ಬನನ್ನು ಮಾವನವರು ಊಟಕ್ಕೆ ಕರೆದಿದ್ದರಂತೆ. ಅರ್ಥವಿಲ್ಲದ ಹೆಸರಿನ ಬಿಸ್ಕತ್ತನ್ನು ಯಾರು ಕೊಳ್ಳುತ್ತಾರೆ ಎಂದು ಅವನು ಮೊದಲೇ ತಗಾದೆ ತೆಗೆದಿದ್ದ. ಅರ್ಥವಿಲ್ಲದೆ ಏನು, ನನ್ನ ಹೆಂಡತಿಯ ಹೆಸರು ಎಂದು ಮಾವನವರು ಬಾಯಿತಪ್ಪಿ ಹೇಳಿಬಿಟ್ಟಿದ್ದರು. ಬಡಿಸುವಾಗ ಆ ವ್ಯಾಪಾರಿ ತಲೆಯೆತ್ತಿ, ತಂಗಿ, ನಿನ್ನ ಹೆಸರೇನಮ್ಮ ಎಂದು ಕೇಳಿದ.

“ಇವರ ಮುಖ ನೋಡಿದೆ. ಬಿಳಿಚಿಕೊಂಡಿತ್ತು. ಅವರು ಹೇಳು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ನಾನೇ ಹೇಳಿದೆ, ಜೊರೀನ್ ಅಂತ. ಸೌಟು ಕೈಲಿತ್ತು.”

ಒಂದು ಊಟದ ಮಟ್ಟಿಗೆ ಎಂದುಕೊಂಡಿದ್ದರು. ಆದರೆ ವ್ಯಾಪಾರಿ ಹತ್ತು ಅಂಗಡಿಗೆ ಹೇಳಿದ, ಹತ್ತು ಅಂಗಡಿಯವರು ನೂರು ಜನಕ್ಕೆ. ನೋಡಲು ಬಂದವರೆಲ್ಲ ಆ ಹೆಸರಿನಿಂದ ಕರೆದರು. ಮನೆಯಲ್ಲಿ ಒಂದು ಹೆಸರು, ಹೊರಗೆ ಇನ್ನೊಂದು ಎಂದರೆ ಯಾವತ್ತೋ ನಾಲಗೆ ಜಾರೀತು ಎಂದು ಮಾವನವರು ಮನೆಯಲ್ಲೂ ಹಾಗೇ ಕರೆಯತೊಡಗಿದರು. ಮಗ ಹುಟ್ಟಿದಾಗ ಆಸ್ಪತ್ರೆಯ ಕಾಗದದಲ್ಲಿ ಅದೇ ಬರೆಸಿದರು. ಆಮೇಲೆ ಎಲ್ಲ ಕಾಗದದಲ್ಲೂ. ತವರಿನವರು ಒಬ್ಬೊಬ್ಬರಾಗಿ ಹೋದರು. ಕೊನೆಗೆ ತಂಗಿಯೂ ಹೋದ ಮೇಲೆ ಹುಟ್ಟಿದಾಗ ಇಟ್ಟ ಹೆಸರು ಗೊತ್ತಿದ್ದವರು ಲೋಕದಲ್ಲಿ ಇಬ್ಬರು: ಗಂಡ ಹೆಂಡತಿ. ಈಗ ಒಬ್ಬರು.

ಮಗ ಕುರ್ಚಿ ಎಳೆದುಕೊಳ್ಳಲು ಹೋಗಿ, ಕುರ್ಚಿ ಸಿಗದೆ, ನೆಲದ ಮೇಲೇ ಕೂತುಬಿಟ್ಟ. ಐವತ್ತೈದು ವರ್ಷದ ಗಂಡಸು. ಎಷ್ಟು ಫಾರಂ ತುಂಬಿದ್ದಾನೆ ಜೀವನದಲ್ಲಿ, ತಾಯಿಯ ಹೆಸರು ಎಂಬ ಜಾಗದಲ್ಲಿ ಎಷ್ಟು ಸಲ ಬಿಸ್ಕತ್ತಿನ ಹೆಸರು ಬರೆದಿದ್ದಾನೆ.

“ನಿನ್ನ ಹೆಸರೇನಮ್ಮ?” ಎಂದ ಕೊನೆಗೆ. ಅಂಗನವಾಡಿಯ ಮಗು ಕೇಳಿದ ಹಾಗಿತ್ತು.

“ನಿನಗ್ಯಾಕೋ. ನೀನು ಅಮ್ಮ ಅಂತ ಕರೀತೀಯ, ಅದರಲ್ಲಿ ಸುಳ್ಳಿಲ್ಲ.” ಅತ್ತೆ ಅವನ ತಲೆಗೂದಲಿಗಂಟಿದ್ದ ಹಿಟ್ಟನ್ನು ಕೊಡವಿದರು.

ಪ್ರೂಫಿನ ಕಾಗದ ನೆಲದ ಮೇಲೆ ಬಿದ್ದಿತ್ತು. ಸೊಸೆ ಎತ್ತಿಕೊಂಡಳು. ಗಡಿಯಾರದಲ್ಲಿ ಎರಡೂವರೆ. ಎಲ್ಲ ಅಂಗಡಿಗಳಿಗೂ ಹೇಳಿಯಾಗಿದೆ, ಅಮ್ಮನ ಚಿತ್ರ ಬರುತ್ತದೆಂದು ಜನ ಕಾಯುತ್ತಿದ್ದಾರೆ ಎಂದು ಗಂಡ ಗೊಣಗಿದ. ಹೇಳುತ್ತ ಹೇಳುತ್ತ ಅವನ ದನಿಯೇ ಉಡುಗಿತು. ಏನು ಮಾಡಲಿ ಎಂದು ಸೊಸೆ ಅತ್ತೆಯನ್ನು ಕೇಳಿದಳು. ಈ ಮನೆಯಲ್ಲಿ ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ ಎಂಬುದು ಕೇಳಿದ ಮೇಲೆ ಹೊಳೆಯಿತು. ಚಿತ್ರಕ್ಕೆ ಕೂರಿಸಿದ್ದರು, ಕೂದಲು ಬಾಚಿದ್ದರು, ನಿಮಗೆ ಒಪ್ಪಿಗೆಯೇ ಎಂದು ಮಾತ್ರ ಕೇಳಿರಲಿಲ್ಲ.

ಅತ್ತೆ ಕಾಗದವನ್ನು ದೂರ ಹಿಡಿದು ತಮ್ಮ ಮುಖವನ್ನು ನೋಡಿದರು.

“ಆ ಹೆಸರಿಗೆ ಅರವತ್ತು ವರ್ಷ ಸಾಕ್ಷಿ ಹೇಳಿದೀನಿ. ಮುಖಾನೂ ಕೊಡಲ್ಲ. ತೆಗೆಸು.”

ಸೊಸೆ ಪ್ರೆಸ್ಸಿಗೆ ಫೋನು ಮಾಡಿದಳು. ಚಿತ್ರವೂ ಬೇಡ, ಕೆಳಗಿನ ಸಾಲೂ ಬೇಡ ಎಂದಳು. ಪ್ರೆಸ್ಸಿನವನು, ಹಾಗಾದರೆ ಆ ಜಾಗದಲ್ಲಿ ಏನು ಹಾಕಲಿ, ಖಾಲಿ ಬಿಡಲೇ ಎಂದು ಕೂಗಾಡಿದ. ಹಿತ್ತಾಳೆ ಅಚ್ಚಿನ ಫೋಟೋ ಹಾಕಿ, ಅಂಕಿಗಳು ಕಾಣುವ ಹಾಗೆ ಎಂದು ಮೊಬೈಲಿನಲ್ಲೇ ಫೋಟೋ ತೆಗೆದು ಕಳಿಸಿದಳು. ಆ ಇಸವಿ ಯಾವುದು, ಅರವತ್ತಕ್ಕೆ ತಾಳೆಯಾಗುವುದಿಲ್ಲವಲ್ಲ ಎಂದ. ಇಲ್ಲ, ಆಗುವುದಿಲ್ಲ ಎಂದು ಫೋನಿಟ್ಟಳು. ಗಂಡ ಎದ್ದು, ತಾಯಿಗೆ ತಾನೇ ತಟ್ಟೆ ಇಟ್ಟು ಬಡಿಸಿ ಕಾರ್ಖಾನೆಗೆ ಹೋದ.

ಊಟವಾದ ಮೇಲೆ ಅಡುಗೆಮನೆಯಲ್ಲಿ ಇಬ್ಬರೇ ಉಳಿದರು. ಸೊಸೆ ಪಾತ್ರೆ ತೊಳೆದಳು, ಅತ್ತೆ ಒರೆಸಿ ಜೋಡಿಸಿದರು. ಕೊನೆಯ ಲೋಟ ಒರೆಸುತ್ತ ಅವರು ಒಂದು ಹೆಸರು ಹೇಳಿದರು. ತಪ್ಪೆಂಬಂತೆ ತಲೆಯಾಡಿಸಿ ಬೇರೆ ಥರ ಹೇಳಿದರು. ಅಮ್ಮ ಕೊನೆಯಲ್ಲಿ ಎಳೆಯುತ್ತಿದ್ದರು, ಅಪ್ಪ ಕತ್ತರಿಸಿ ಕರೆಯುತ್ತಿದ್ದರು, ಯಾವುದು ಸರಿಯೋ ಈಗ ನೆನಪಾಗುತ್ತಿಲ್ಲ ಎಂದರು. ಹೇಳಿ ಅಭ್ಯಾಸವಿಲ್ಲ. ಇದು ಈ ಅಡುಗೆಮನೆಯ ಹೊಸಿಲು ದಾಟಬಾರದು, ನಾಳೆ ಇದನ್ನೂ ಯಾರಾದರೂ ಬಿಸ್ಕತ್ತಿನ ಮೇಲೆ ಒತ್ತಿಯಾರು ಎಂದು ಅವಳಿಂದ ಮಾತು ತೆಗೆದುಕೊಂಡರು. ಆಮೇಲೆ ಲೋಟ ಕವುಚಿಟ್ಟು, “ಒಂದು ಸಲ ಕರಿ ನೋಡೋಣ,” ಎಂದರು.

ಅತ್ತೆಯನ್ನು ಹೆಸರು ಹಿಡಿದು ಕರೆಯುವುದುಂಟೇ? ಸೊಸೆ ಟೀಗೆ ನೀರಿಟ್ಟಳು, ಸೊಪ್ಪು ಸೋಸಿದಳು, ಮಗಳು ಬರುವ ಹೊತ್ತಾಯಿತೇ ಎಂದು ಬೀದಿ ನೋಡಿದಳು. ಅತ್ತೆ ಆಗಲೇ ಕಿಟಕಿಯ ಹತ್ತಿರ ಕೂತು, ಡಬ್ಬದಲ್ಲಿ ಕೈಯಾಡಿಸಿ, ಹೆಸರು ಮೂಡದ ಒಂದು ಬಿಸ್ಕತ್ತನ್ನು ಹುಡುಕಿ ತೆಗೆದಿದ್ದರು. ಟೀ ಸೋಸಿ, ಲೋಟ ಹಿಡಿದು, ಅವರ ಬೆನ್ನ ಹಿಂದೆ ನಿಂತು ಅವಳು ಮೆಲ್ಲಗೆ ಆ ಹೆಸರು ಹೇಳಿದಳು, ಕೊನೆಯಲ್ಲಿ ಎಳೆದು.

ಅತ್ತೆ ತಿರುಗಲಿಲ್ಲ. ತಲೆಯೆತ್ತಿ ಬೀದಿಯ ಬಾಗಿಲ ಕಡೆ ನೋಡಿದರು, ಆ ಹೆಸರಿನವರು ಯಾರೋ ಬಂದರು ಎನ್ನುವ ಹಾಗೆ.